ಮಿಸಿಸಿಪ್ಪಿಗೆ ಹೋದ ತಂಬಿಗೆ

ನಮ್ಮ ಮನೆಯಲ್ಲಿ ಯಾರಾದರೂ ಚುರುಮುರಿಯ ಚೀಲ ಬಿಚ್ಚಿದರೆ ನಾನು ಎರಡೂ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಳ್ಳುತ್ತೇನೆ. ಬೇಕೆಂದು ಮಾಡುವುದಲ್ಲ. ಆ ಸರಸರ ಸದ್ದು ಕಿವಿಗೆ ಬಿದ್ದ ಕೂಡಲೇ ಕಾಲುಗಳು ನನ್ನನ್ನು ಕೇಳದೆ ತಾವೇ ಏರಿಬಿಡುತ್ತವೆ. ನನ್ನ ಹೆಂಡತಿ ಸುಮಾ ಇದಕ್ಕೆ ಎಷ್ಟು ಹೊಂದಿಕೊಂಡಿದ್ದಾಳೆಂದರೆ, ನೆಲ ಒರೆಸುವಾಗ ಅವಳು ನನಗೆ ಕಾಲೆತ್ತಿ ಎಂದು ಹೇಳುವುದೇ ಇಲ್ಲ. ಅಡಿಗೆಮನೆಗೆ ಹೋಗಿ ಚುರುಮುರಿಯ ಚೀಲವನ್ನು ಒಮ್ಮೆ ಅಲ್ಲಾಡಿಸಿ ಬರುತ್ತಾಳೆ.

ಮೊನ್ನೆ ಭಾನುವಾರ ಮಧ್ಯಾಹ್ನವೂ ಹಾಗೆಯೇ ಆಯಿತು. ನ್ಯೂ ಜೆರ್ಸಿಯ ನಮ್ಮ ಊರು ಮೆಟುಚೆನ್ನಿನಲ್ಲಿ ಆಗಸ್ಟ್ ತಿಂಗಳ ಸೆಖೆ. ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತಿತ್ತು. ಸುಮಾ ದೊಡ್ಡ ಬೋಗುಣಿಯಲ್ಲಿ ಚುರುಮುರಿ ಸುರಿದು, ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ಹಾಕಿ ಕಲಸುತ್ತಿದ್ದಳು. ನಾನು ಪದ್ಧತಿಯಂತೆ ಕಾಲೆತ್ತಿ ಕುಳಿತಿದ್ದೆ. ಮಗಳು ಮೇಘಾ ನ್ಯೂಯಾರ್ಕಿನ ಕೆಲಸದಿಂದ ವಾರಾಂತ್ಯಕ್ಕೆಂದು ಬಂದಿದ್ದವಳು, ಬೋಗುಣಿಗೆ ಕೈಹಾಕಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಮುಂದಿನ ವಾರ ಗೆಳತಿಯರ ಜೊತೆ ನ್ಯೂ ಆರ್ಲಿಯನ್ಸಿಗೆ ಹೋಗುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕುರ್ಚಿಯ ಮೇಲಿದ್ದ ನನ್ನ ಕಾಲುಗಳು ಇನ್ನೂ ಮೇಲಕ್ಕೆ ಸರಿದು ಮೊಣಕಾಲು ಗದ್ದಕ್ಕೆ ತಾಗಿತು.

ನದಿಯ ಹತ್ತಿರ ಹೋಗಬೇಡ ಎಂದೆ. ಮೆಟ್ಟಿಲು ಕಂಡರೆ ಇಳಿಯಬೇಡ ಎಂದೆ. ಹಡಗು ಹೋದ ಮೇಲೂ ಹೋಗಬೇಡ, ಹಡಗು ಹೋದ ಮೇಲಂತೂ ಹೋಗಲೇಬೇಡ ಎಂದೆ.

“ಡ್ಯಾಡ್, ಇಟ್ಸ್ ಜಸ್ಟ್ ಅ ಸಿಟಿ” ಎಂದು ಮೇಘಾ ಇನ್ನೊಂದು ಮುಷ್ಟಿ ಚುರುಮುರಿ ತೆಗೆದುಕೊಂಡಳು.

ಬರೀ ಒಂದು ಊರು. ಹೌದು. ನಾನು ಹುಟ್ಟಿ ಬೆಳೆದ ಧಾರವಾಡದಲ್ಲಿ ಕೆರೆಗಳಿವೆ, ಮಳೆಯಿದೆ, ಪೇಢೆಯಿದೆ, ಹೊಳೆಯಿಲ್ಲ. ಹೊಳೆಯಿಲ್ಲದ ಊರಿನವನಿಗೆ ಹೊಳೆಯಿರುವ ಊರು ಎಂದರೇನು ಎಂಬುದು ತಿಳಿಯುವುದು ಅದರಲ್ಲಿ ಎದೆಮಟ್ಟ ಮುಳುಗಿದಾಗಲೇ. ಮಗಳು ಕೇಳುವ ವ್ಯವಧಾನವಿಲ್ಲದೆ ಮಹಡಿ ಹತ್ತಿ ಹೋದಳು. ನೀವು ಕುಳಿತಿದ್ದೀರಿ, ನಿಮಗೆ ಹೇಳುತ್ತೇನೆ.

ಅದು ಎರಡು ಸಾವಿರದ ಇಸವಿ ಹುಟ್ಟುವ ಗಳಿಗೆಯಲ್ಲಿ ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಒಮ್ಮೆಗೇ ಮರೆವು ಹತ್ತುತ್ತದೆಂದು ದೊಡ್ಡ ದೊಡ್ಡವರು ಬೆವರುತ್ತಿದ್ದ ಕಾಲ. ಆ ಬೆವರೇ ನಮಗೆ ಅನ್ನವಾಗಿತ್ತು. ಹಳೆಯ ಪ್ರೋಗ್ರಾಮುಗಳನ್ನು ಓದಬಲ್ಲವನು ಎಂಬ ಒಂದೇ ಅರ್ಹತೆಯ ಮೇಲೆ ಕ್ರ್ಯಾನ್‌ಬರಿ ಎಂಬ ಊರಿನ ಒಂದು ಔಷಧ ಕಂಪನಿಯವರು ನನ್ನನ್ನು ಕೂರಿಸಿಕೊಂಡಿದ್ದರು. ಸೊಂಟದ ಬೆಲ್ಟಿಗೆ ಒಂದು ಪೇಜರ್ ಸಿಕ್ಕಿಸಿದ್ದರು. ಅದನ್ನು ಕಟ್ಟಿಕೊಂಡು ಓಡಾಡುವಾಗ, ನಾನಿಲ್ಲದಿದ್ದರೆ ಅಮೆರಿಕದ ಅರ್ಧ ಜನಕ್ಕೆ ಗುಳಿಗೆ ಸಿಗಲಾರದು ಎಂಬ ಗತ್ತು ನನ್ನ ನಡಿಗೆಯಲ್ಲಿತ್ತೆಂದು ಸುಮಾ ಈಗಲೂ ಹೇಳುತ್ತಾಳೆ. ಅವಳು ಮೈಸೂರಿನವಳು, ಪ್ರಿನ್ಸ್‌ಟನ್ನಿನ ಒಂದು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕುವ ಕೆಲಸ. ಮೇಘಾ ಇನ್ನೂ ಹುಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಧಾರವಾಡದಿಂದ ಕಾಕು ಬಂದರು. ಕಾಕು ಎಂದರೆ ನಮ್ಮ ಕಡೆ ಕಾಕಾನ ಹೆಂಡತಿ, ಅಪ್ಪನ ತಮ್ಮನ ಮಡದಿ. ಕಾಲೇಜು ಓದುವಾಗ ನಾನು ಇದ್ದದ್ದು, ಉಂಡದ್ದು, ಬೈಸಿಕೊಂಡದ್ದು ಎಲ್ಲ ಅವರ ಮನೆಯಲ್ಲಿ. ಕಾಕಾ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಅವರು ಜೀವಮಾನದಲ್ಲಿ ಕಂಡ ಅತಿ ದೂರದ ಊರು ಪಂಢರಪುರ. ಆದರೆ ಪಾಠ ಮಾಡುವಾಗ ಮಾತ್ರ ಇವತ್ತು ಬೆಳಗಿನ ಬಸ್ಸಿಗೆ ಅಲ್ಲಿಂದಲೇ ಬಂದಿಳಿದವರಂತೆ ಮಾತಾಡುತ್ತಿದ್ದರು. ಎಲ್ಲ ನದಿಗಳಿಗಿಂತ ಅವರಿಗೆ ಮಿಸಿಸಿಪ್ಪಿಯ ಮೇಲೆ ಮೋಹ. ಯಾಕೆಂದು ಯಾರಿಗೂ ಗೊತ್ತಿಲ್ಲ. ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಆ ನದಿಯನ್ನು ಇಳಿಸುತ್ತಿದ್ದರಂತೆ. ಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಿದ್ದರೆ ಮಣೆಯ ಮೇಲೆ ಉದುರಿದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಅದೇ ನದಿ. ಕೊನೆಗೆ ಅಂಗೈಯನ್ನು ಹಿಟ್ಟಿನ ಮೇಲೆ ಬಿಡಿಸಿ ಒತ್ತಿ, ನೋಡು, ಇಲ್ಲಿ ಹೊಳೆಗೆ ಬೆರಳು ಬರುತ್ತವೆ, ಇದು ಡೆಲ್ಟಾ, ಎನ್ನುತ್ತಿದ್ದರು. ಕಾಕು ಆ ಡೆಲ್ಟಾವನ್ನು ಬಳಿದು ಮುಂದಿನ ರೊಟ್ಟಿ ಬಡಿಯುತ್ತಿದ್ದರು. ಎಷ್ಟೋ ದಿನ ನಾನು ಮಿಸಿಸಿಪ್ಪಿಯನ್ನು ಬದನೆಕಾಯಿ ಎಣ್ಣೆಗಾಯಿಯ ಜೊತೆ ತಿಂದಿದ್ದೇನೆ.

ಕಾಕಾ ಹೋಗಿ ಎರಡು ವರ್ಷವಾಗಿತ್ತು. ಅಮೆರಿಕಕ್ಕೆ ಬಂದ ಹಿರಿಯರಿಗೆ ನಾವು ತೋರಿಸುವ ಕಟ್ಟುಕಟ್ಟಳೆಯ ಯಾತ್ರೆಯೊಂದಿತ್ತು. ಮೊದಲು ಸ್ವಾತಂತ್ರ್ಯದ ಪ್ರತಿಮೆ, ಆಮೇಲೆ ನಯಾಗರಾ, ದಾರಿಯಲ್ಲೊಂದು ದೇವಸ್ಥಾನ. ಕಾಕು ಕೇಳಿಸಿಕೊಂಡು, “ಎಲ್ಲಾರೂ ನಯಾಗರಾ ನಯಾಗರಾ ಅಂತೀರಿ. ಮ್ಯಾಲಿಂದ ಬೀಳೂ ನೀರಿಗೆ ಕೈ ಹಚ್ಚಲಿಕ್ಕೆ ಬರ್ತದೇನು? ನನಗ ಮಿಸಿಸಿಪ್ಪಿ ತೋರಸು” ಎಂದರು. ಆಮೇಲೆ ಪೆಟ್ಟಿಗೆಯಿಂದ ಒಂದು ತಾಮ್ರದ ತಂಬಿಗೆ ತೆಗೆದು ಮೇಜಿನ ಮೇಲಿಟ್ಟರು. ಕಾಕಾ ನಿವೃತ್ತರಾದಾಗ ಹುಡುಗರು ಕೂಡಿ ಕೊಟ್ಟದ್ದು. ಭಾಂಡೆ ಅಂಗಡಿಯವನು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರದಲ್ಲಿ ‘ಗುರುರಾವ್ ಮಾಸ್ತರ, ಧಾರವಾಡ’ ಎಂದಿತ್ತು. ಕಾಕಾ ದಿನಾ ಸಂಧ್ಯಾವಂದನೆಗೆ ಕೂರುತ್ತಿದ್ದುದು ಅದನ್ನೇ ಇಟ್ಟುಕೊಂಡು.

ಕಾಕು ಹೇಳಿದ್ದು ಇಷ್ಟು. ಆ ತಂಬಿಗೆಯಲ್ಲಿ, ತಮ್ಮ ಕೈಯಾರೆ, ಮಿಸಿಸಿಪ್ಪಿಯ ನೀರು ತುಂಬಬೇಕು. ಊರಿಗೆ ಒಯ್ಯಬೇಕು. ಈ ಸಲದ ಶ್ರಾದ್ಧದಲ್ಲಿ ಹುಬ್ಬಳ್ಳಿಯ ಮಗ ಆ ನೀರಿನಿಂದ ತರ್ಪಣ ಬಿಡಬೇಕು. “ಜನ್ಮಾ ಪೂರ್ತಿ ಆ ಹೊಳಿ ಹೆಸರಿನ್ಯಾಗ ಸುಣ್ಣದ ಪುಡಿ ನುಂಗ್ಯಾರ. ಒಂದ್ ಬೊಗಸಿ ನೀರು ಮುಟ್ಟಲಿ” ಎಂದರು.

ಇದಕ್ಕೆ ಇಲ್ಲವೆನ್ನುವುದು ಹೇಗೆ? ಗೆಳೆಯ ಮೂರ್ತಿ ಪ್ರಿನ್ಸ್‌ಟನ್ನಿನಲ್ಲಿದ್ದ, ಹೋಗದ ಊರುಗಳ ಬಗ್ಗೆ ಸಲಹೆ ಕೊಡುವುದರಲ್ಲಿ ನಿಪುಣ. ಡೆಲ್ಟಾ ಬೇಕೆಂದರೆ ನ್ಯೂ ಆರ್ಲಿಯನ್ಸ್‌ಗೇ ಹೋಗಿ, ಆಗಸ್ಟಿನಲ್ಲಿ ಟಿಕೆಟ್ ಬಲು ಅಗ್ಗ ಎಂದ. ಯಾಕೆ ಅಗ್ಗ ಎಂದು ನಾನು ಕೇಳಲಿಲ್ಲ.

ಯಾಕೆಂದು ವಿಮಾನ ನಿಲ್ದಾಣದ ಬಾಗಿಲು ತೆರೆದಾಗ ತಿಳಿಯಿತು. ಕನ್ನಡಕ ಒಮ್ಮೆಲೇ ಬೆಳ್ಳಗಾಯಿತು. ಗಾಳಿ ಎಂಬುದು ಉಸಿರಾಡುವ ವಸ್ತುವಾಗಿರದೆ ತೊಟ್ಟುಕೊಳ್ಳುವ ಒದ್ದೆ ಬಟ್ಟೆಯಾಗಿತ್ತು. ಹಬೆಯ ಪಾತ್ರೆಯಲ್ಲಿ ಕೂತ ಕಡುಬಿಗೆ ಏನನ್ನಿಸುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಸುಮಾಳ ಗುಂಗುರು ಕೂದಲು ಟ್ಯಾಕ್ಸಿ ಬರುವಷ್ಟರಲ್ಲಿ ಎರಡು ಪಟ್ಟಾಯಿತು. ಕಾಕು ಮಾತ್ರ ಇಳಕಲ್ ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡು, ಕಾರವಾರದ ತಂಗಿಯ ಮನೆಯಲ್ಲೂ ಹೀಗೇ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಊರು ಚೆಂದವಿತ್ತು, ಹೇಳಲೇಬೇಕು. ಕಬ್ಬಿಣವನ್ನು ಲೇಸಿನಂತೆ ಹೆಣೆದ ಮಹಡಿಯ ಕಟಾಂಜನಗಳು, ಅವುಗಳಿಂದ ಜೋತುಬಿದ್ದ ಜರಿಗಿಡಗಳು, ಬಣ್ಣ ಉದುರಿದ ಮರದ ಬಾಗಿಲುಗಳು, ಮೂಲೆಮೂಲೆಯಲ್ಲಿ ತುತ್ತೂರಿ ಊದುವವರು. ನ್ಯೂ ಜೆರ್ಸಿಯಲ್ಲಿ ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳನ್ನು ನೋಡಿ ನೋಡಿ ಜಡ್ಡುಗಟ್ಟಿದ್ದ ಕಣ್ಣಿಗೆ, ಅಮೆರಿಕದಲ್ಲೂ ಗೋಡೆಗೆ ಹಾವಸೆ ಹಿಡಿಯುತ್ತದೆ ಎಂಬುದೇ ಸಮಾಧಾನ. ಸುಮಾಳಿಗೆ ಸಿಕ್ಕಿದ ಸಮಾಧಾನ ಬೇರೆ. ಅಲ್ಲಿಯ ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು; ಅಮೆರಿಕಕ್ಕೆ ಬಂದ ಮೇಲೆ ಇವತ್ತೇ ಬೆಳಗಾಗಿದ್ದು ಎಂದಳು. ಕಾಫಿಯ ಜೊತೆ ಎಣ್ಣೆಯಲ್ಲಿ ಕರಿದ, ಉಬ್ಬಿದ, ಚೌಕದ ತಿಂಡಿಯೊಂದನ್ನು ಕೊಟ್ಟರು. ಅದರ ಮೇಲೆ ಸಕ್ಕರೆಪುಡಿ ಎಷ್ಟಿತ್ತೆಂದರೆ ಉಸಿರು ಬಿಟ್ಟವನ ಎದುರಿಗೆ ಕುಳಿತವನು ಬೆಳ್ಳಗಾಗುತ್ತಿದ್ದ. ಕಾಕು ಅದನ್ನು ತಿರುಗಿಸಿ ನೋಡಿ, ಚಿರೋಟಿಗೆ ಪದರು ಬಿಡಲಿಲ್ಲ ಎಂದು ತೀರ್ಪು ಕೊಟ್ಟು, ಯಾವ ಎಣ್ಣೆಯೋ ಎಂದು ನನ್ನ ತಟ್ಟೆಗೆ ದಾಟಿಸಿದರು.

ನೋಡುವ ಜಾಗಗಳಲ್ಲಿ ಸ್ಮಶಾನವೂ ಒಂದು. ಅಲ್ಲಿ ಗೋರಿಗಳನ್ನು ನೆಲದ ಮೇಲೆ ಪುಟ್ಟ ಪುಟ್ಟ ಮನೆಗಳಂತೆ ಕಟ್ಟಿದ್ದಾರೆ. ಗೈಡು ನಾಟಕೀಯವಾಗಿ ನಿಂತು, ಹೀಗೇಕೆ ಗೊತ್ತೇ ಎಂದು ಗುಂಪನ್ನು ಕೇಳಿದ. ಕಾಕು ನನಗೆ ಕನ್ನಡದಲ್ಲಿ ಹೇಳಿದರು: ಊರು ಹೊಳೆಗಿಂತ ತಗ್ಗಿನಲ್ಲಿದೆ, ಅಗೆದರೆ ನೀರು ಬರುತ್ತದೆ, ಪೆಟ್ಟಿಗೆ ತೇಲುತ್ತದೆ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಗೈಡು ತನ್ನ ಮುಂದಿನ ಐದು ನಿಮಿಷದ ಮಾತನ್ನು ಕಳೆದುಕೊಂಡವನಂತೆ ನೋಡಿದ. ಇದೆಲ್ಲ ಜೋಳದ ಹಿಟ್ಟಿನ ಪಾಠ. ಸಮಾಧಿಗಳ ನಡುವೆ ನಡೆಯುವಾಗ ಕಾಕು ತಂಬಿಗೆಯಿದ್ದ ಕೈಚೀಲವನ್ನು ಎದೆಗೊತ್ತಿಕೊಂಡಿದ್ದರು. ಎರಡು ದಿನವಾದರೂ ಅದಿನ್ನೂ ಖಾಲಿಯಾಗಿತ್ತು.

ತುಂಬುವುದು ಸುಲಭವಿರಲಿಲ್ಲ, ನೋಡಿ. ಮೊದಲ ದಿನ ಉಗಿದೋಣಿಯಲ್ಲಿ ಕೂರಿಸಿದೆವು. ಡೆಕ್ಕಿನಿಂದ ನೀರು ಎರಡಾಳು ಕೆಳಗೆ. ಕಾಕು ಕಟಾಂಜನ ಹಿಡಿದು ಬಗ್ಗಿ, ಬಾವಿಗೆ ಕೊಡ ಬೀಳಿಸಿಕೊಂಡವರ ಹಾಗೆ ನೋಡುತ್ತ ನಿಂತರು. ಎರಡನೆಯ ದಿನ ಹೋದ ಕಡೆಯೆಲ್ಲ ತಡೆಗೋಡೆ, ಬೇಲಿ, ರೈಲು ಹಳಿ. ನದಿಯ ಊರಿಗೆ ಬಂದು ನದಿಗೆ ಕೈ ಎಟುಕದು. ಮರುದಿನ ಮಧ್ಯಾಹ್ನವೇ ನಮ್ಮ ವಿಮಾನ. ಆ ಸಂಜೆ ಕಾಕು ಹೋಟೆಲಿನ ರೂಮಿನಲ್ಲಿ ಸುಮಾ ರೈಸ್ ಕುಕ್ಕರಿನಲ್ಲಿ ಮಾಡಿದ ಅನ್ನಕ್ಕೆ ಮೊಸರು ಕಲಸಿಕೊಂಡು ಅರ್ಧಕ್ಕೇ ಕೈತೊಳೆದರು.

ಕೊನೆಯ ಬೆಳಿಗ್ಗೆ ಕಾಫಿ ಕುಡಿದು ಹಳಿ ದಾಟಿ ದಿಬ್ಬ ಹತ್ತಿದೆವು. ಎದುರಿಗೆ ಮೆಟ್ಟಿಲುಗಳು. ಅಗಲವಾದ, ಸಾಲುಸಾಲು ಮೆಟ್ಟಿಲುಗಳು, ನೇರವಾಗಿ ಇಳಿದು ಕಂದು ನೀರಿನೊಳಗೆ ಹೋಗಿ ಮಾಯವಾಗುತ್ತಿದ್ದವು.

ಇದನ್ನು ಕಟ್ಟಿಸಿದ ಅಮೆರಿಕನ್ನರ ಮನಸ್ಸಿನಲ್ಲಿ ಏನಿತ್ತೋ. ಕುಳಿತು ಹಡಗು ನೋಡಲಿ ಎಂದಿರಬೇಕು. ಆದರೆ ನಮ್ಮ ಜನಕ್ಕೆ ಹೊಳೆಗೆ ಇಳಿಯುವ ಮೆಟ್ಟಿಲು ಕಂಡರೆ ಅದಕ್ಕೆ ಒಂದೇ ಅರ್ಥ. ಕಾಕುವಿನ ಮುಖ ಅರಳಿತು. “ಘಾಟ್ ಅದನೋ ಇಲ್ಲೆ! ಎರಡು ದಿವಸ ಬ್ಯಾಡಾದ್ದೆಲ್ಲಾ ತೋರಸೀದಿ” ಎಂದು ಆಗಲೇ ಚಪ್ಪಲಿ ಬಿಟ್ಟಿದ್ದರು.

ನಾನು ಪಕ್ಕದ ಎಚ್ಚರಿಕೆಯ ಫಲಕವನ್ನು ತೋರಿಸಿದೆ. ಸೆಳೆತವಿದೆ, ನೀರಿಗೆ ಇಳಿಯಬಾರದು, ಈಜಬಾರದು ಎಂದು ಅನುವಾದಿಸಿದೆ.

“ಅದು ಈಸೋ ಮಂದಿಗೆ ಹಾಕ್ಯಾರ. ನಾ ಈಸಲಿಕ್ಕೆ ಬಂದೇನೇನು?”

ನಾನೇ ಇಳಿದು ತುಂಬಿ ತರುತ್ತೇನೆ ಎಂದೆ. ಅವರು ತಮ್ಮ ಕೈಯಿಂದಲೇ ಆಗಬೇಕೆಂದರು. ಕಡೆಗೆ ರಾಜಿಯಾಯಿತು: ನೀರು ತಾಗುವ ಮೆಟ್ಟಿಲಿನವರೆಗೆ ಮಾತ್ರ, ಅದಕ್ಕಿಂತ ಕೆಳಗೆ ಒಂದು ಬೆರಳೂ ಇಲ್ಲ, ನಾನು ಎರಡು ಮೆಟ್ಟಿಲು ಮೇಲೆ ನಿಲ್ಲುತ್ತೇನೆ. ಪೇಜರ್ ಕಟ್ಟಿದ ಸೊಂಟಕ್ಕೆ ಕೈಯಿಟ್ಟು ಎಲ್ಲ ನನ್ನ ಹತೋಟಿಯಲ್ಲಿದೆ ಎಂಬಂತೆ ನಿಂತೆ. ಮೇಲಿನಿಂದ ಸುಮಾ ಫೋಟೋ ತೆಗೆಯಲು ಕ್ಯಾಮೆರಾ ಹಿಡಿದಿದ್ದಳು.

ಕಾಕು ಇಳಿದರು. ನೀರಿಗೆ ಅರಿಸಿನ ಕುಂಕುಮ ಬಿಟ್ಟರು. ಹೊಳೆಯಿಂದ ತೆಗೆದುಕೊಳ್ಳುವ ಮೊದಲು ಹೊಳೆಗೆ ಏನಾದರೂ ಕೊಡಬೇಕಲ್ಲ? ಸೊಂಟದಿಂದ ಒಂದು ಪೊಟ್ಟಣ ತೆಗೆದರು. ಚುರುಮುರಿ. ಮೆಟುಚೆನ್ನಿನಿಂದ ಮೀನಿಗೆಂದು ಕಟ್ಟಿಕೊಂಡು ಬಂದದ್ದು. ಪೊಟ್ಟಣ ಸರಸರ ಎಂದಿತು. ಒಂದು ಮುಷ್ಟಿ ಎಸೆದರು.

ಮೀನುಗಳು ಬಂದವೋ ಇಲ್ಲವೋ ಗೊತ್ತಿಲ್ಲ. ಆಕಾಶದಲ್ಲಿದ್ದ ಕಡಲಹಕ್ಕಿಗಳೆಲ್ಲ ಬಂದವು. ನಗುವಂತೆ ಕಿರುಚುತ್ತ ಕಾಕುವಿನ ತಲೆಯ ಸುತ್ತ ಬಿಳಿ ಬುಗ್ಗೆಯಂತೆ ಎದ್ದವು. ಮೆಟ್ಟಿಲ ಮೇಲೆ ಕುಳಿತು ತುತ್ತೂರಿ ಊದುತ್ತಿದ್ದವನೊಬ್ಬ ನುಡಿಸುವುದು ಬಿಟ್ಟು ನೋಡತೊಡಗಿದ. ಕಾಕು ಹೆದರಲಿಲ್ಲ. ಮದುವೆಮನೆಯಲ್ಲಿ ಮಕ್ಕಳನ್ನು ಗದರಿಸುವ ಹಾಗೆ ಹಕ್ಕಿಗಳನ್ನು ಗದರಿಸುತ್ತ, ಇನ್ನೊಂದು ಮುಷ್ಟಿ, ಮತ್ತೊಂದು ಮುಷ್ಟಿ. ಅದೇ ಹೊತ್ತಿಗೆ ನದಿಯ ನಡುವೆ ಒಂದು ದೊಡ್ಡ ಹಡಗು, ಮೂರು ಮಹಡಿಯ ಶಾಲೆಯೊಂದು ಸದ್ದಿಲ್ಲದೆ ಎದ್ದು ಹೊರಟಂತೆ, ಸಾಗಿಹೋಯಿತು. ನಾನು ಅದನ್ನೇ ನೋಡುತ್ತಿದ್ದೆ. ಹತ್ತಿರ ಬಂದೀತೆಂಬ ಅಳುಕು. ಅದು ದಾಟಿತು. ಅಬ್ಬಾ, ಹೋಯಿತು ಎಂದು ಉಸಿರು ಬಿಟ್ಟೆ.

ಈಗ ನಾನು ಹೇಳುವುದನ್ನು ದಯವಿಟ್ಟು ನೆನಪಿನಲ್ಲಿಡಿ, ನಿಮಗೂ ಒಂದು ದಿನ ಬೇಕಾದೀತು. ಹಡಗು ಹೋದ ಮೇಲೆ ಅದರ ಅಲೆ ಬರುತ್ತದೆ. ಅಲೆ ಬರುವ ಮೊದಲು ನೀರು ಹಿಂದಕ್ಕೆ ಹೋಗುತ್ತದೆ.

ನೀರು ಹಿಂದಕ್ಕೆ ಹೋಯಿತು. ಯಾರೋ ಚಾದರ ಎಳೆದಂತೆ ಮೆಲ್ಲಗೆ ಕೆಳಗೆ ಸರಿದು, ಅದುವರೆಗೆ ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಮೇಲೆದ್ದವು. ಹಸಿರು ಪಾಚಿ ಬೆಳಕಿಗೆ ಮಿನುಗುತ್ತಿತ್ತು. ವಸುದೇವನಿಗೆ ಯಮುನೆ ದಾರಿ ಬಿಟ್ಟ ಕತೆಯನ್ನು ಹುಟ್ಟಿದಾಗಿನಿಂದ ಕೇಳಿದ ಹೆಂಗಸಿಗೆ ಇದು ಏನಾಗಿ ಕಂಡಿರಬೇಕು?

“ನೋಡೋ, ದಾರಿ ಬಿಟ್ಟಳು” ಎಂದು ಕಾಕು ತಂಬಿಗೆ ಹಿಡಿದು ಇಳಿದೇಬಿಟ್ಟರು.

ನಾನು ಕೂಗಿದೆನೆಂದು ಸುಮಾ ಹೇಳುತ್ತಾಳೆ. ನನಗೆ ನನ್ನ ದನಿ ಕೇಳಿಸಿದ ನೆನಪಿಲ್ಲ. ನೆನಪಿರುವುದು ಕಾಕು ಬಗ್ಗಿ ತಂಬಿಗೆಯನ್ನು ಅದ್ದಿದ್ದು, ಅದು ಗುಳುಗುಳು ಎಂದು ತುಂಬಿದ್ದು, ಎತ್ತಿದಾಗ ತಾಮ್ರದ ಮೇಲೆ ಬಿಸಿಲು ಬಿದ್ದದ್ದು. ಆಮೇಲೆ ನೀರು ತಿರುಗಿ ಬಂತು. ಎತ್ತರದ ಅಲೆಯೇನಲ್ಲ, ಸದ್ದು ಮಾಡದ, ಮಂದವಾದ, ದನದಂತೆ ಮೈಯಿಂದ ನೂಕುವ ನೀರು. ಕಾಕುವಿನ ಕಾಲು ಜಾರಿತು. ಅವರು ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನೀರು ಎದೆಯವರೆಗೆ ಬಂತು. ಒಂದು ಕೈ ಪಕ್ಕದ ಮರದ ಕಂಬಕ್ಕೆ ಬಿಗಿದಿದ್ದ ಸರಪಳಿಗೆ ಸಿಕ್ಕಿತ್ತು. ಇನ್ನೊಂದು ಕೈ ತಂಬಿಗೆಯನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿದಿತ್ತು.

ಅವರನ್ನು ಉಳಿಸಲು ನಾನು ಹಾರಿದೆ. ಹಾರಿದೆ ಎಂಬುದು ದೊಡ್ಡ ಮಾತು. ಮೊದಲ ಮೆಟ್ಟಿಲಿಗೇ ಬೂಟು ಪಾಚಿಯ ಮೇಲೆ ಬಿದ್ದು, ಉಳಿದ ದಾರಿಯನ್ನು ಬೆನ್ನ ಮೇಲೆ ಕ್ರಮಿಸಿದೆ. ಕಾಕುವಿನ ಪಕ್ಕದಲ್ಲೇ ಹಾದುಹೋದೆ. ಹಾದುಹೋಗುವಾಗ ಅವರು ನನ್ನನ್ನು ನೋಡಿದ ನೋಟ, ಬಸ್ ನಿಲ್ದಾಣದಲ್ಲಿ ಇಳಿಯುವುದನ್ನು ಮರೆತು ಮುಂದೆ ಹೋಗುವವನನ್ನು ನೋಡುವ ನೋಟ. ಮೆಟ್ಟಿಲು ಮುಗಿದಿತ್ತು. ಕಾಲ ಕೆಳಗೆ ಏನೂ ಇರಲಿಲ್ಲ. ಹೊರಗಿನ ಗಾಳಿ ಅಷ್ಟು ಬಿಸಿಯಾಗಿದ್ದರೂ ಕೆಳಗಿನ ನೀರು ತಣ್ಣಗಿತ್ತು, ಮತ್ತು ಅದಕ್ಕೆ ಎಲ್ಲಿಗೋ ಹೋಗುವ ಆತುರವಿತ್ತು. ಬಲಗಾಲಿನ ಬೂಟನ್ನು ಅದು ಲಾಡಿ ಬಿಚ್ಚದೆಯೇ ತೆಗೆದುಕೊಂಡಿತು. ಆಮೇಲೆ ಕಾಲನ್ನೇ ಕೇಳಿತು.

ಆಗ ಒಂದು ಸದ್ದು ಬಂತು. ಠಣ್. ಮತ್ತೆ ಠಣ್. ಆಮೇಲೆ ನೀರೊಳಗಿಂದ, ಮೆತ್ತಗೆ, ಇನ್ನೊಂದು ಸಲ. ನನ್ನ ಸೊಂಟದ ಬೆಲ್ಟಿಗೆ ಹಿಂದಿನಿಂದ ಒಂದು ಕೈ ಬಿತ್ತು.

ಕಾಕು ನನ್ನನ್ನು ಎಳೆಯಲಿಲ್ಲ. ಅಷ್ಟು ಶಕ್ತಿ ಯಾರಿಗೂ ಇರದು. ಬಿಡಲಿಲ್ಲ, ಅಷ್ಟೇ. ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ನಾನು. ಅಷ್ಟರಲ್ಲಿ ಸುಮಾ ಮತ್ತು ತುತ್ತೂರಿಯವನು ಕುಳಿತುಕೊಂಡೇ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಬಂದು, ಇಬ್ಬರನ್ನೂ ಅಂಗಿ, ಸೀರೆ, ಕೈ, ಏನು ಸಿಕ್ಕಿತೋ ಅದನ್ನು ಹಿಡಿದು ಮೇಲೆಳೆದರು. ಮೇಲೆ ಬಂದ ಮೇಲೆ ನನ್ನ ಸೊಂಟದಲ್ಲಿ ಏನೋ ಗುರುಗುಟ್ಟಿತು. ಪೇಜರ್. ಕ್ರ್ಯಾನ್‌ಬರಿಯಿಂದ ಯಾರೋ ನನ್ನನ್ನು ಕರೆಯುತ್ತಿದ್ದರು. ಒಮ್ಮೆ ಗುರುಗುಟ್ಟಿ, ಎರಡು ಹನಿ ನೀರು ಉಗುಳಿ, ಅದು ಶಾಶ್ವತವಾಗಿ ಸುಮ್ಮನಾಯಿತು. ಪೇಜರ್ ಏನಾಯಿತೆಂದು ಆಮೇಲೆ ಆಫೀಸಿನಲ್ಲಿ ಕೇಳಿದಾಗ, ಚಿಕ್ಕಮ್ಮನ ಜೊತೆ ಮಿಸಿಸಿಪ್ಪಿಯಲ್ಲಿ ಬಿದ್ದಿದ್ದೆ ಎಂದು ನಿಜ ಹೇಳಿದೆ. ಬೇರೆ ಯಾವ ಸುಳ್ಳನ್ನು ಹೇಳಿದ್ದರೂ ಅವರು ನಂಬುತ್ತಿದ್ದರು.

ಬೆಂಚಿನ ಮೇಲೆ ಸಾಲಾಗಿ ಕುಳಿತೆವು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಆ ಸೆಖೆಯಲ್ಲಿ. ನೀರಿನಲ್ಲಿ ಅಷ್ಟು ಬೇಗ ಕುಳಿತದ್ದು ಎಂಥ ಸಮಯಪ್ರಜ್ಞೆ ಎಂದು ಸುಮಾ ಕಾಕುವನ್ನು ಹೊಗಳಿದಳು. “ಶಾಣ್ಯಾತನ ಏನಲ್ಲವಾ. ಮೊಣಕಾಲು ಕೈ ಕೊಟ್ಟವು, ಕೂತೆ” ಎಂದರು ಕಾಕು. ಆಮೇಲೆ ಮಡಿಲಲ್ಲಿದ್ದ ಬಲಗೈಯನ್ನು ನೋಡಿಕೊಂಡರು. ಆ ಕೈ ಇನ್ನೂ ತಂಬಿಗೆಯ ಕತ್ತು ಹಿಡಿದ ಅಳತೆಗೇ ಬಾಗಿತ್ತು.

ನನಗೆ ಆಗ ಆದ ಸಂಕಟವನ್ನು ಹೇಗೆ ಹೇಳಲಿ? ಸಮುದ್ರ ದಾಟಿ, ಅಷ್ಟು ದೂರದಿಂದ ಹೊತ್ತು ತಂದ ತಂಬಿಗೆ, ತುಂಬಿಯೂ ಆಗಿತ್ತು, ನನ್ನ ಬೆಲ್ಟು ಹಿಡಿಯಲೆಂದು ಅದನ್ನು ಬಿಟ್ಟುಬಿಟ್ಟರು. ಬೇರೆ ಪಾತ್ರೆ ಕೊಂಡು ತರುತ್ತೇನೆ, ಬೇರೆ ಕಡೆ ತುಂಬೋಣ, ವಿಮಾನ ಹೋದರೆ ಹೋಗಲಿ ಎಂದು ಏನೇನೋ ಬಡಬಡಿಸಿದೆ. ಕಾಕು ನದಿಯನ್ನು ನೋಡುತ್ತಿದ್ದರು. ಅವರ ಸೀರೆಯಿಂದ ನೀರು ತೊಟ್ಟಿಕ್ಕಿ ಕಾಲಿನ ಸುತ್ತ ಒಂದು ಪುಟ್ಟ ಮಡು ಆಗಿತ್ತು. ಅದರಿಂದ ಕವಲೊಡೆದು ಸಣ್ಣ ಸಣ್ಣ ಎಳೆಗಳು ದಿಬ್ಬದ ಇಳಿಜಾರಿಗೆ ಹರಿಯುತ್ತಿದ್ದವು. ಅದನ್ನು ನೋಡಿದವರು ಒಮ್ಮೆಲೇ ನೆಟ್ಟಗೆ ಕುಳಿತರು.

“ಸುಮಾ, ಆ ಖಾಲಿ ಬಾಟ್ಲಿ ಕೊಡವಾ ಲಗೂನ. ಹೊಳಿ ಎಲ್ಲೆ ಹೋಗ್ಯದ, ನನ್ನ ಸೀರ್ಯಾಗ ಅದ.”

ಸುಮಾ ಕುಡಿಯುವ ನೀರಿನ ಬಾಟಲಿಯ ಬಾಯಿ ಹಿಡಿದಳು. ಕಾಕು ಸೆರಗನ್ನು ಹುರಿಮಾಡಿ ಹಿಂಡಿದರು. ಕಂದು ನೀರು ದಾರವಾಗಿ ಇಳಿಯಿತು. ಸೆರಗು ಸಾಲದೆ ನಿರಿಗೆಯ ತುದಿಯನ್ನೂ ಹಿಂಡಿದರು. ಇಳಕಲ್ಲಿನ ಕೆಂಪು ಸ್ವಲ್ಪ ಬಿಟ್ಟಿತ್ತು. ಕುಂಕುಮ ಬಿದ್ದಂತಾಯಿತು, ಒಳ್ಳೆಯದೇ ಆಯಿತು ಎಂದರು. ತುತ್ತೂರಿಯವನು ಏನೂ ಕೇಳದೆ ತನ್ನ ಟೋಪಿ ತೆಗೆದು ನಿಂತಿದ್ದ. ಇದು ಯಾವುದೋ ದೇವರ ಕೆಲಸ ಎಂದು ಅವನಿಗೆ ತಿಳಿದಿತ್ತು. ಮೈಕ್ರೋಸ್ಕೋಪಿನಲ್ಲಿ ಇಂಥ ನೀರನ್ನು ನೋಡಿದ್ದ ಸುಮಾ ಮಾತ್ರ ಮೆಲ್ಲಗೆ, “ಕಾಕು, ದಯವಿಟ್ಟು ಇದನ್ನ ಯಾರೂ ಆಚಮನ ಮಾಡದ ಹಾಗೆ ನೋಡ್ಕೊಳ್ಳಿ” ಎಂದಳು.

ಬಾಟಲಿಯ ಮುಚ್ಚಳ ತಿರುಗಿಸುತ್ತ ಕಾಕು ನನ್ನ ಮುಖ ನೋಡಿದರು. ನಾನಿನ್ನೂ ತಂಬಿಗೆಯ ಯೋಚನೆಯಲ್ಲೇ ಇದ್ದೇನೆಂದು ಗೊತ್ತಾಗಿರಬೇಕು.

“ಅಳಬ್ಯಾಡೋ. ಅದರ ಮ್ಯಾಲೆ ಅವರ ಹೆಸರು ಅದ. ಇನ್ನ ಹೊಳೀ ಜೋಡಿ ಅವರೂ ಡೆಲ್ಟಾಕ್ಕ ಹೋಗ್ತಾರ. ಹೋಗೂದಿತ್ತು ಅವರಿಗೆ.”

ನಾನು ಅಳುತ್ತಿರಲಿಲ್ಲ. ಅದು ಹೊಳೆಯ ನೀರು. ಅಥವಾ ಬೆವರು, ಆ ಊರಿನಲ್ಲಿ ಯಾವುದು ಯಾವುದೆಂದು ಹೇಳಲಾಗದು.

ಆಗ ವಿಮಾನದಲ್ಲಿ ನೀರಿನ ಬಾಟಲಿ ಒಯ್ಯಬಾರದೆಂಬ ಕಟ್ಟಳೆ ಬಂದಿರಲಿಲ್ಲ. ಕಾಕು ಅದನ್ನು ಮಡಿಲಲ್ಲೇ ಇಟ್ಟುಕೊಂಡು ನೂವರ್ಕ್‌ ವಿಮಾನ ನಿಲ್ದಾಣಕ್ಕೆ ಬಂದರು, ಹಾಗೆಯೇ ಧಾರವಾಡಕ್ಕೆ ಹೋದರು. ನಾನು ಒಂದು ಬೂಟು, ಒಂದು ಹೋಟೆಲಿನ ಚಪ್ಪಲಿ ತೊಟ್ಟು ಮನೆ ಸೇರಿದೆ. ಶ್ರಾದ್ಧದ ದಿನ ನಾನು ಫೋನ್ ಕಾರ್ಡಿನ ಉದ್ದನೆಯ ಅಂಕಿಗಳನ್ನು ಒತ್ತಿ ಒತ್ತಿ ಕರೆದಾಗ ಕಾಕು ಹೇಳಿದ್ದು ಇಷ್ಟು: ಮಗ ತರ್ಪಣ ಬಿಟ್ಟ, ಭಟ್ಟರು ನೀರಿನ ಬಣ್ಣ ನೋಡಿ ಗಂಗೆಯೋ ಗೋದಾವರಿಯೋ ಎಂದು ಕೇಳಿದರು, ಪಿಂಡ ಇಟ್ಟ ಕೂಡಲೇ ಕಾಗೆ ಬಂತು. ಕಾಕಾನ ಕಾಗೆ ಹಿಂದಿನ ವರ್ಷ ಮಧ್ಯಾಹ್ನದವರೆಗೂ ಕಾಯಿಸಿತ್ತಂತೆ.

ನನ್ನ ಕತೆ ಮೆಟುಚೆನ್ನಿ‍ನಿಂದ ಪ್ರಿನ್ಸ್‌ಟನ್ನಿನವರೆಗೆ ಎಲ್ಲ ಕನ್ನಡದ ಮನೆಗಳಲ್ಲಿ ಓಡಾಡಿದೆ. ಯುಗಾದಿಯ ಊಟದಲ್ಲಿ ಮೂರ್ತಿ ಅದನ್ನು ಹೇಳುವಾಗ ಒಂದು ಮೊಸಳೆಯನ್ನೂ ಸೇರಿಸುತ್ತಾನೆ, ಮತ್ತು ಮೊಸಳೆ ನನ್ನನ್ನು ಮೂಸಿ ನೋಡಿ ಬೇಡವೆಂದಿತು ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ. ಆದರೆ ಮನೆಗೆ ಬಂದು ಒಬ್ಬನೇ ಇರುವಾಗ ಕಣ್ಣೆದುರು ಓಡುವ ಚಿತ್ರದಲ್ಲಿ ಮೊಸಳೆಯಿಲ್ಲ. ಹಿಂದೆ ಸರಿಯುವ ನೀರು, ಮಿನುಗುವ ಪಾಚಿ, ಕಾಲ ಕೆಳಗಿನ ಖಾಲಿ, ಮತ್ತೆ ಮೊದಲಿನಿಂದ. ಎಷ್ಟೋ ವರ್ಷ ನಾನು ಅಷ್ಟನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಆ ಠಣ್ ಎಂಬ ಸದ್ದನ್ನು ದಾಟಿ ಮುಂದೆ ಹೋಗಲು ಧೈರ್ಯವಾಗುತ್ತಿರಲಿಲ್ಲ. ಒಮ್ಮೆ ಊರಿಗೆ ಹೋದಾಗ ಕೇಳಿಯೇಬಿಟ್ಟೆ, ತಂಬಿಗೆ ಬಿಡುವಾಗ ಏನನ್ನಿಸಿತು ಎಂದು. ಕಾಕು ಹುಣಸೆಹಣ್ಣು ಬಿಡಿಸುತ್ತಿದ್ದರು. ಯೋಚಿಸಲಿಕ್ಕೆ ಹೊತ್ತೆಲ್ಲಿತ್ತು ಎಂದರು. ಇನ್ನೊಂದು ಹಣ್ಣು ಬಿಡಿಸಿ, “ನಿನ್ನ ಹೆಂಡ್ತಿ ಮ್ಯಾಲೆ ಕ್ಯಾಮೆರಾ ಹಿಡಕೊಂಡು ನಿಂತಿದ್ಲು. ಆಕಿ ಮುಂದ ಬರೀ ತಂಬಗಿ ಹಿಡಕೊಂಡು ಹೆಂಗ ಹತ್ತಲೋ?” ಎಂದು ನಕ್ಕರು. ಹೋದ ವರ್ಷ ಅವರೂ ಹೋದರು.

ಮೊನ್ನೆ ಇದನ್ನೆಲ್ಲ ನಿಮಗೆ ಹೇಳುವಂತೆಯೇ ನನಗೆ ನಾನು ಹೇಳಿಕೊಳ್ಳುತ್ತ ಕುರ್ಚಿಯಲ್ಲಿ ಮುದುಡಿ ಕುಳಿತಿದ್ದೆ. ಬೋಗುಣಿ ಖಾಲಿಯಾಗುತ್ತ ಬಂದಿತ್ತು. ಮೇಘಾ ಕೆಳಗಿಳಿದು ಬಂದು ಬೆನ್ನಿನ ಚೀಲ ತೆಗೆದುಕೊಂಡಳು, ರೈಲಿಗೆ ಹೊತ್ತಾಗಿತ್ತು. ನದಿಯ ಹತ್ತಿರ ಹೋಗಬೇಡ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಆ ಹೊಳೆಯಲ್ಲಿ ಈಗ ನಮ್ಮವರಿದ್ದಾರೆ, ಅಲ್ಲವೇ? ಹುಡುಗಿ ಅಲ್ಲಿಯವರೆಗೆ ಹೋಗಿ ಮಾತಾಡಿಸದೆ ಬರುವುದೆಂದರೆ?

ಎದ್ದು ಅಡಿಗೆಮನೆಗೆ ಹೋದೆ. ಚೀಲದಲ್ಲಿ ಉಳಿದಿದ್ದ ಒಣ ಚುರುಮುರಿಯಲ್ಲಿ ಸ್ವಲ್ಪ ತೆಗೆದು ಒಂದು ಪೊಟ್ಟಣ ಕಟ್ಟಿ ಅವಳ ಚೀಲದ ಹೊರಗಿನ ಜೇಬಿಗೆ ತುರುಕಿದೆ. “ಮೀನಿಗೆ ಹಾಕು. ಮೇಲಿನ ಮೆಟ್ಟಿಲ ಮೇಲೆ ನಿಂತು ಎಸಿ, ಮೇಲಿನ ಮೆಟ್ಟಿಲು ಮಾತ್ರ. ಕಾಕಾ-ಕಾಕು ಅಂತ ಒಂದು ಸಲ ಕರಿ” ಎಂದೆ. ಅವಳು ನನ್ನನ್ನೂ ಪೊಟ್ಟಣವನ್ನೂ ನೋಡಿ, “ಓಕೆ, ಬಟ್ ವೈ?” ಎಂದಳು. ಮೂರ್ತಿ ಅಂಕಲ್‌ನನ್ನು ಕೇಳಬೇಡ, ಅಮ್ಮನನ್ನು ಕೇಳು ಎಂದೆ.

ಸ್ಟೇಷನ್ನಿಗೆ ಬಿಟ್ಟು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತೆ. ಒಳಗಿನಿಂದ ಸರಸರ ಎಂಬ ಸದ್ದು ಬಂತು. ಸುಮಾ ಒರೆಸುವ ಕೋಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

“ಏನ್ರೀ ಇದು, ಕಾಲು ಕೆಳಗೇ ಇದೆ?” ಎಂದಳು.

ಬಗ್ಗಿ ನೋಡಿದೆ. ಎಡಗಾಲು ನೆಲದ ಮೇಲೆ ಆರಾಮಾಗಿ ಇತ್ತು. ಬಲಗಾಲು, ಆ ಬೂಟು ಕಳೆದುಕೊಂಡ ಕಾಲು, ನೆಲದಿಂದ ಒಂದು ಗೇಣು ಮೇಲೆ ಎತ್ತಿಕೊಂಡು ಯೋಚನೆ ಮಾಡುತ್ತಿತ್ತು.